ಕೊನೆಯ ಚರಣದ ಹೆಸರು

ಬೆಳಗಿನ ಹೊತ್ತು ಬಾನುಲಿಯಲ್ಲಿ ದೇವರನಾಮವೊಂದು ಬರುತ್ತದೆ. ಹಾಡುವವರ ಹೆಸರು, ಪಕ್ಕವಾದ್ಯದವರ ಹೆಸರು, ರಾಗ, ತಾಳ ಇವೆಲ್ಲವನ್ನೂ ಹೇಳಿದ ಉದ್ಘೋಷಕರು ಕಡೆಗೆ 'ರಚನೆ ಪುರಂದರದಾಸರದು' ಎನ್ನುತ್ತಾರೆ. ನಾವೂ ಹೌದೆಂದು ತಲೆದೂಗುತ್ತೇವೆ. ಆದರೆ ಆ ಪದ ಪುರಂದರದಾಸರದೇ ಎಂದು ಅವರಿಗೆ ತಿಳಿಸಿದವರು ಯಾರು? ಅದಕ್ಕೊಂದು ಶಿಲಾಶಾಸನವಿಲ್ಲ; ದಾಸರ ಸ್ವಹಸ್ತದ ಓಲೆಯೂ ಇಲ್ಲ. ಹಾಡಿನ ಕೊನೆಯ ಚರಣದಲ್ಲಿ 'ಪುರಂದರವಿಠಲ' ಎಂಬ ಒಂದು ಮಾತು ಬರುತ್ತದೆ. ಅದೇ ಸಾಕ್ಷಿ, ಅದೇ ಪ್ರಮಾಣ. ನಾಲ್ಕೂವರೆ ಶತಮಾನಗಳಿಂದ ಹಾಡಿನೊಡನೆಯೇ ನಡೆದುಬಂದ ಈ ಪುಟ್ಟ ಗುರುತನ್ನು ಕುರಿತು, ಅದನ್ನು ಧರಿಸಿ ಬಾಳಿದ ಪದಕಾರರನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಹಾಡು ಕಟ್ಟುವವನಿಗೆ ನಮ್ಮ ಶಾಸ್ತ್ರಕಾರರು ವಾಗ್ಗೇಯಕಾರನೆಂದು ಹೆಸರಿಟ್ಟರು. ವಾಕ್ ಎಂದರೆ ಮಾತು, ಗೇಯ ಎಂದರೆ ಹಾಡುವ ಧಾತು. ಎರಡನ್ನೂ ಒಬ್ಬನೇ ಮಾಡಬೇಕು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಇವರ ತರತಮವನ್ನು ವಿವರಿಸಿದ್ದಾನೆ. ಬೇರೊಬ್ಬರ ಮಟ್ಟಿಗೆ ತನ್ನ ಮಾತನ್ನು ಹೊಂದಿಸುವವನನ್ನು ಅವನು ಕುಟ್ಟಿಕಾರನೆಂದು ಕರೆಯುತ್ತಾನೆ. ಮಟ್ಟು ಮೊದಲು ಸಿದ್ಧವಾಗಿ ಸಾಹಿತ್ಯ ಆಮೇಲೆ ಬರುವ ಚಲನಚಿತ್ರಗೀತೆಗಳ ಬಹುಪಾಲಿಗೆ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ! ಏಳುನೂರು ವರ್ಷಗಳ ಹಿಂದೆಯೂ ಈ ಕಸುಬು ಇತ್ತೆಂದಾಯಿತು.

ಕಾವ್ಯ ಬರೆದವನಿಗೆ ಹೆಸರು ಉಳಿಸಿಕೊಳ್ಳಲು ಬೇರೆ ದಾರಿಗಳಿದ್ದವು. ಪಂಪನಿಗೆ ಅರಿಕೇಸರಿಯಿದ್ದ, ಕಾವ್ಯದಲ್ಲಿ ಆಶ್ರಯದಾತನೂ ನಿಂತ, ಕವಿಯೂ ನಿಂತ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆಸ್ಥಾನವಿದ್ದರೆ ಲಿಪಿಕಾರನುಂಟು, ಓಲೆಯುಂಟು, ಭಂಡಾರವುಂಟು. ಬೀದಿಯಲ್ಲಿ ಹಾಡಿಕೊಂಡು ಹೋಗುವವನಿಗೆ ಇವಾವುವೂ ಇಲ್ಲ. ಹಾಡು ಬಾಯಿಂದ ಹೊರಟು ಗಾಳಿಗೆ ಬಿದ್ದರೆ ಮುಗಿಯಿತು. ಕೇಳಿದವನ ನೆನಪೇ ಅದರ ಭಂಡಾರ.

ಹರಿದಾಸರು ಹೀಗೆ ಹೊರಟವರು. ಈ ಪರಂಪರೆಯ ಆದಿಯಲ್ಲಿ ಮುಳಬಾಗಿಲಿನ ಶ್ರೀಪಾದರಾಜರು ಸಂಸ್ಕೃತದ ಮಠದಲ್ಲಿ ಕನ್ನಡದ ಪದಗಳನ್ನು ಹಾಡಿಸಿದರು. ಅವರ ಶಿಷ್ಯರಾದ ವ್ಯಾಸರಾಯರು ವಿಜಯನಗರದಲ್ಲಿ ಕೃಷ್ಣದೇವರಾಯನ ಆದರಕ್ಕೆ ಪಾತ್ರರಾಗಿದ್ದ ಯತಿಗಳು. ಅವರಿಗೆ ಮಠವಿತ್ತು, ದತ್ತಿಯಿತ್ತು. ಅವರಿಂದ ದೀಕ್ಷೆ ಪಡೆದ ಪುರಂದರದಾಸರು ಹಿಡಿದ ದಾರಿಯೇ ಬೇರೆ. ಶ್ರೀನಿವಾಸನಾಯಕನೆಂಬ ಹೆಸರಿನ ಚಿನಿವಾರ, ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ತೆರೆದು ಸರ್ವಸ್ವವನ್ನೂ ದಾನಮಾಡಿ ಹೊರಟನೆಂಬ ಕಥೆಯನ್ನು ನಾನಿಲ್ಲಿ ಮತ್ತೆ ಹೇಳಬೇಕಾದ್ದಿಲ್ಲ. ಗಮನಿಸಬೇಕಾದದ್ದು, ರಾಯರ ರಾಜಧಾನಿಯಲ್ಲಿ ತುಂಗಭದ್ರೆಯ ದಡದಲ್ಲಿದ್ದೂ ಅವರು ಅರಮನೆಯ ಕವಿಯಾಗಲಿಲ್ಲ ಎಂಬುದನ್ನು. ಕಾಲಿಗೆ ಗೆಜ್ಜೆ, ಹೆಗಲಿಗೆ ತಂಬೂರಿ, ಕೈಯಲ್ಲಿ ಚಿಟಿಕೆ. ಮನೆಮನೆಯ ಮುಂದೆ ನಿಂತು ಹಾಡಿ ಬಂದ ಹಿಡಿ ಅಕ್ಕಿಯಲ್ಲಿ ಅಂದಿನ ಊಟ. ಇದಕ್ಕೆ ಮಧುಕರವೃತ್ತಿಯೆಂದು ಹೆಸರು. ದುಂಬಿ ಒಂದೇ ಹೂವನ್ನು ಹೀರಿ ಬರಿದುಮಾಡುವುದಿಲ್ಲ. ದಾಸನೂ ಒಂದೇ ಮನೆಗೆ ಭಾರವಾಗುವುದಿಲ್ಲ, ಯಾವ ಮನೆಗೂ ಋಣಿಯಾಗಿ ಅವರ ಮಾತಿಗೆ ಕಟ್ಟುಬೀಳುವುದಿಲ್ಲ. ಒಬ್ಬ ಧಣಿಯ ಬದಲು ನೂರು ಬಾಗಿಲುಗಳು. ಸ್ವತಂತ್ರನಾದ ಪದಕಾರನ ಆರ್ಥಿಕ ವ್ಯವಸ್ಥೆ ಇದು.

ಈ ವೃತ್ತಿಯೂ ಪದಗಾರಿಕೆಯೂ ಒಂದೇ ಮಾತಿನಲ್ಲಿ ಕೂಡಿಕೊಂಡಿರುವುದನ್ನು ನೋಡಬೇಕಾದರೆ ಪುರಂದರದಾಸರು ರಾಗಿಯ ಭಿಕ್ಷೆ ಬೇಡುವ ಪದವನ್ನು ನೆನೆಯಿರಿ. 'ಯೋಗ್ಯರು' ಎಂಬುದಕ್ಕೆ 'ಆಗಿ' ಸೇರಿದರೆ ಉಕಾರ ಲೋಪವಾಗಿ 'ಯೋಗ್ಯರಾಗಿ' ಆಗುತ್ತದೆ. ಲೋಪಸಂಧಿಗೆ ಹುಡುಗರಿಗೆ ನಾನು ಕೊಡುವ ಉದಾಹರಣೆ ಇದೇ. ಸಂಧಿಯಾದೊಡನೆ ಪದದ ಬಾಲದಲ್ಲಿ 'ರಾಗಿ' ಬಂದು ಕುಳಿತಿತು! ಹೀಗೆ ಚರಣ ಚರಣಕ್ಕೂ ಮನೆಯೊಡತಿ ಮೊರದಲ್ಲಿ ತರಬೇಕಾದ ರಾಗಿಯೂ, ಆಕೆ ಬಾಳಿನಲ್ಲಿ ಆಗಬೇಕಾದ ಯೋಗ್ಯತೆಯೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಬೇಡುವವನು ಉಪದೇಶಿಸುತ್ತಾನೆ, ಉಪದೇಶಿಸುವವನು ಬೇಡುತ್ತಾನೆ. ವ್ಯಾಕರಣದ ಒಂದು ಸಣ್ಣ ಲೋಪದ ಮೇಲೆ ಇಷ್ಟು ದೊಡ್ಡ ಪದವನ್ನು ನಿಲ್ಲಿಸಿದವರು ಭಾಷೆಯನ್ನು ಚಿನ್ನದಂತೆಯೇ ಒರೆಹಚ್ಚಿ ನೋಡಿದವರೆನ್ನಬೇಕು. ದಾಸರ ಪದಗಳು ಭಕ್ತಿಯ ಉಕ್ಕಿನಲ್ಲಿ ತಾವಾಗಿ ಹರಿದವು, ಅಲ್ಲಿ ಕಸಬುಗಾರಿಕೆಯನ್ನು ಹುಡುಕಬಾರದು ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ.

ಪದದ ಕಟ್ಟಡವನ್ನೇ ನೋಡಿ. ಪಲ್ಲವಿ ಪ್ರತಿಯೊಂದು ಚರಣವಾದ ಮೇಲೂ ಮರಳುತ್ತದೆ. ಬಾಗಿಲಲ್ಲಿ ನಿಂತ ಮಗುವೂ ಎರಡನೆಯ ಸಲಕ್ಕೆ ದನಿಗೂಡಿಸುತ್ತದೆ. ಚರಣದ ಸಾಲುಗಳಲ್ಲಿ ಎರಡನೆಯ ಅಕ್ಷರಕ್ಕೆ ಪ್ರಾಸ. ಹಳಗನ್ನಡದ ಕವಿಗಳಿಗೆ ಅದು ಅಲಂಕಾರವಾಗಿದ್ದಿರಬಹುದು, ಪದಕಾರನಿಗೆ ಅದು ನೆನಪಿನ ಗಂಟು. ಒಂದು ಸಾಲಿನ ಆದಿ ನೆನಪಾದರೆ ಮುಂದಿನದರ ಆದಿ ಪ್ರಾಸವನ್ನು ಹಿಡಿದು ತಾನಾಗಿ ಬರುತ್ತದೆ. ಲಿಪಿಕಾರನಿಲ್ಲದವನಿಗೆ ಪ್ರಾಸವೇ ಲಿಪಿಕಾರ. ಉಗಾಭೋಗದಲ್ಲಿ ತಾಳದ ಕಟ್ಟಿಲ್ಲ, ಮಾತು ರಾಗದ ಮೇಲೆ ಬಿಡುಬೀಸಾಗಿ ನಡೆಯುತ್ತದೆ. ಸುಳಾದಿಯಲ್ಲಿ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳ ಬದಲಾಗುತ್ತ ಹೋಗಿ ಕೊನೆಗೆ ಜತೆಯೆಂಬ ಎರಡು ಸಾಲಿನಲ್ಲಿ ಮುಕ್ತಾಯ. ಇಂದಿಗೂ ಸಂಗೀತ ಕಲಿಯುವ ಮಕ್ಕಳು ಬಾಯಿಪಾಠ ಮಾಡುವ ಸಪ್ತತಾಳಗಳಿಗೆ ಸುಳಾದಿ ತಾಳಗಳೆಂದೇ ಹೆಸರು.

ಇನ್ನು ಅಂಕಿತ. ಹಾಡಿನ ಕೊನೆಯಲ್ಲಿ ತನ್ನ ಗುರುತನ್ನು ಹೊಲಿದುಬಿಡುವುದು ದಾಸರ ಹೊಸ ಶೋಧವಲ್ಲ, ವಚನಕಾರರು ಅವರಿಗೂ ಮುಂಚೆ ಮಾಡಿದ್ದರು. ಆದರೆ ವಚನಕ್ಕೆ ತಾಳದ ಬಂಧನವಿಲ್ಲ. ಪದದಲ್ಲಿ ಅಂಕಿತ ತಾಳದೊಳಗೆ ಹೊಂದಿಕೊಂಡೇ ಬರಬೇಕು. ಪ್ರಸ್ತಾರ ಹಾಕಿ ನೋಡೋಣ. 'ಪುರಂದರವಿಠಲ': ಪು ಒಂದು, ರಂ ಎರಡು, ದ ಒಂದು, ಇಲ್ಲಿಗೆ ನಾಲ್ಕು ಮಾತ್ರೆ, ರವಿಠಲ ಮತ್ತೆ ನಾಲ್ಕು. ಎರಡು ಸಮವಾದ ಗಣಗಳು! ಕನಕದಾಸರ 'ಕಾಗಿನೆಲೆಯಾದಿಕೇಶವ'ದಲ್ಲಿ ಕಾಗಿನೆ ನಾಲ್ಕು, ಲೆಯಾದಿ ನಾಲ್ಕು, ಕೇಶವ ನಾಲ್ಕು, ಮೂರು ಗಣ. ಗೋಪಾಲದಾಸರ 'ಗೋಪಾಲವಿಠಲ' ನಾಲ್ಕು ನಾಲ್ಕರಂತೆ ಎರಡು. 'ವಿಜಯವಿಠಲ'ವಾದರೆ ಮೂರು ಮೂರು. ಅದನ್ನೇ ಒತ್ತಕ್ಷರ ಕೊಟ್ಟು 'ವಿಜಯವಿಟ್ಠಲ' ಎಂದರೆ ಮೂರು ನಾಲ್ಕು, ಅಂದರೆ ಮಿಶ್ರಗತಿ. 'ಜಗನ್ನಾಥವಿಟ್ಠಲ'ದಲ್ಲಿ ಜಗನ್ನಾ ಐದು, ಥವಿಟ್ಠಲ ಐದು. ಖಂಡಗತಿಗೆ ಹೇಳಿ ಮಾಡಿಸಿದಂತಿದೆ. ವಿಠಲ, ವಿಟ್ಠಲ ಎಂಬ ಎರಡು ರೂಪಗಳೂ ಬಳಕೆಯಲ್ಲಿರುವುದರಿಂದ ಪದಕಾರನಿಗೆ ಒಂದು ಮಾತ್ರೆಯ ಸಲುಗೆ ಸಿಕ್ಕುತ್ತದೆ. ಗುರುಗಳು ಅಂಕಿತ ಕೊಡುವಾಗ ಮಾತ್ರೆ ಎಣಿಸಿಯೇ ಕೊಟ್ಟರೆಂದು ನಾನು ಹೇಳುವುದಿಲ್ಲ. ಕೊಟ್ಟ ಅಂಕಿತ ಹಾಡುವುದಕ್ಕೆ ಒದಗುವಂತಿತ್ತು, ಆದ್ದರಿಂದ ಉಳಿಯಿತು ಎಂಬಷ್ಟನ್ನು ಹೇಳಬಹುದು. ಗತಿಗೆ ಹೀಗೆ ಬೆಸೆದುಕೊಂಡ ಹೆಸರನ್ನು ಕಿತ್ತು ಬೇರೆ ಹೆಸರನ್ನು ಕೂಡಿಸುವುದು ಅಷ್ಟು ಸುಲಭವಲ್ಲ. ಹಾಡುವವನ ನಾಲಗೆ ತಡೆಯುತ್ತದೆ, ಕೇಳುವವನ ಕಿವಿ ಹಿಡಿಯುತ್ತದೆ.

ಗುರುಗಳು ಕೊಡುವಾಗ ಎಂದೆ. ಅಂಕಿತವನ್ನು ತಾನೇ ಇಟ್ಟುಕೊಳ್ಳುವಂತಿರಲಿಲ್ಲ, ಪಡೆಯಬೇಕಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಚೀಕಲಪರವಿಯ ವಿಜಯದಾಸರಿಗೆ ಪುರಂದರದಾಸರೇ ಸ್ವಪ್ನದಲ್ಲಿ ಬಂದು ಅಂಕಿತವಿತ್ತರೆಂದು ಸಂಪ್ರದಾಯ ಹೇಳುತ್ತದೆ. ವಿಜಯದಾಸರು ಗೋಪಾಲದಾಸರಿಗೆ ಕೊಟ್ಟರು. ಮಾನ್ವಿಯ ಶ್ರೀನಿವಾಸಾಚಾರ್ಯರ ಕಥೆಯಂತೂ ನಮ್ಮಂಥ ಪಂಡಿತ ವರ್ಗದವರು ಕಿವಿಗೊಟ್ಟು ಕೇಳತಕ್ಕದ್ದು. ಸಂಸ್ಕೃತದ ಘನವಿದ್ವಾಂಸರಾದ ಅವರು ಕನ್ನಡದ ಹಾಡುಗಾರರೆಂದು ವಿಜಯದಾಸರನ್ನು ಕಡೆಗಣಿಸಿದರಂತೆ. ಬಳಿಕ ಉದರವ್ಯಾಧಿಯಿಂದ ನವೆದು ಗೋಪಾಲದಾಸರ ಬಳಿಗೆ ಬಂದು ಗುಣಹೊಂದಿ, ಪಂಢರಪುರದಲ್ಲಿ ಅಂಕಿತ ಪಡೆದು ಜಗನ್ನಾಥದಾಸರಾದರು. ಶಾಸ್ತ್ರವನ್ನೆಲ್ಲ ಭಾಮಿನೀ ಷಟ್ಪದಿಗೆ ಇಳಿಸಿ 'ಹರಿಕಥಾಮೃತಸಾರ'ವನ್ನು ಕನ್ನಡದಲ್ಲಿಯೇ ಬರೆದರು. ಕಥೆಯಲ್ಲಿ ಪವಾಡದ ಅಂಶವೆಷ್ಟೋ ಇರಲಿ, ವಿದ್ವತ್ತು ಪದಕಾರನ ಮನೆಬಾಗಿಲಿಗೆ ಬಂದು ಹೆಸರು ಬೇಡಿತೆಂಬುದು ಮಾತ್ರ ದಿಟ.

ಹೆಂಗಸರಿಗೂ ಈ ಹೆಸರು ದೊರೆಯಿತು. ಮಲೆಬೆನ್ನೂರಿನ ಸೊಸೆಯಾಗಿ ಬಂದ ಹೆಳವನಕಟ್ಟೆ ಗಿರಿಯಮ್ಮನವರಿಗೆ ಗೋಪಾಲದಾಸರು ಅಂಕಿತ ನೀಡಿದರೆಂದು ಪ್ರತೀತಿ. ಆಕೆ ತನ್ನ ಊರಿನ ಬಳಿಯ ಹೆಳವನಕಟ್ಟೆಯ ರಂಗನ ಹೆಸರಿನಲ್ಲಿ ಹಾಡಿದಳು. ಊರೂರು ತಿರುಗುವ ಮಧುಕರವೃತ್ತಿ ಗೃಹಿಣಿಗೆ ಸಾಧ್ಯವಿರಲಿಲ್ಲ. ಆಕೆಯ ಹಾಡು ಹಿತ್ತಲಿಂದ ಹಿತ್ತಲಿಗೆ, ತವರಿಂದ ಅತ್ತೆಮನೆಗೆ ಹೋಗುವ ಹೆಣ್ಣುಮಕ್ಕಳ ಬಾಯಲ್ಲಿ ಪ್ರಯಾಣಮಾಡಿತು.

ಅಂಕಿತವಿದ್ದ ಮಾತ್ರಕ್ಕೆ ಎಲ್ಲವೂ ನಿಶ್ಚಿತವೆಂದಲ್ಲ. ಪುರಂದರದಾಸರು 4,75,000 ಪದಗಳನ್ನು ರಚಿಸಿದರೆಂಬ ಮಾತು ವಿಜಯದಾಸರ ಕಾಲದಿಂದ ನಡೆದುಬಂದಿದೆ. ದಾಸದೀಕ್ಷೆಯಾದ ಮೇಲೆ ಅವರು ಸುಮಾರು 40 ವರ್ಷ ಬದುಕಿ 1564ರಲ್ಲಿ ಹರಿಪಾದ ಸೇರಿದರೆಂದು ಹಿಡಿದರೆ ದಿನಕ್ಕೆ 32 ಪದಗಳಾಗುತ್ತವೆ! ಈ ಸಂಖ್ಯೆಯನ್ನು ಭಕ್ತಿಯ ಅಳತೆಯೆಂದು ತಿಳಿಯುವುದೇ ಮೇಲು. ನಮಗೆ ಉಳಿದು ಬಂದಿರುವುದು ಅದರ ನೂರರಲ್ಲೊಂದು ಪಾಲೂ ಅಲ್ಲ, ಮತ್ತು ಆ ಉಳಿದವುಗಳಲ್ಲಿಯೂ ಕೆಲವು ಬೇರೆಯವರವು. ಬೇರೆಯವರ ಹಾಡನ್ನು ತನ್ನದೆನ್ನುವ ಕಳ್ಳತನವನ್ನು ನಾವು ಬಲ್ಲೆವು. ಇಲ್ಲಿ ನಡೆದದ್ದು ತದ್ವಿರುದ್ಧ. ತಾನು ಕಟ್ಟಿದ ಹಾಡನ್ನು ದೊಡ್ಡವರ ಅಂಕಿತಕ್ಕೆ ಒಪ್ಪಿಸಿ ಮರೆಯಾದವರೂ ಉಂಟು. ಹೆಸರು ಕಾಪಾಡಲೆಂದು ಹುಟ್ಟಿದ ಉಪಾಯವೇ ಎಷ್ಟೋ ಬಡ ಪದಕಾರರ ಹೆಸರನ್ನು ನುಂಗಿತು.

ನುಂಗಿಹೋದ ಮತ್ತೊಂದು ಉಂಟು, ಅದು ಮಟ್ಟು. 1850ರಲ್ಲಿ ಜರ್ಮನಿಯ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚಿಗೆ ತಂದರು. ಮುಂದೆ ಲಿಂಗಸುಗೂರಿನ ಗೋರೆಬಾಳ ಹನುಮಂತರಾಯರಂಥವರು ಬಾಳನ್ನೇ ಈ ಕೆಲಸಕ್ಕೆ ತೆತ್ತು ಪದಗಳನ್ನು ಕೂಡಿಹಾಕಿದರು. ಅವರಿಂದ ಉಳಿದದ್ದು ವಾಕ್. ಗೇಯ ಬಹುಮಟ್ಟಿಗೆ ಕಳೆದುಹೋಗಿತ್ತು. ಹಸ್ತಪ್ರತಿಯ ನೆತ್ತಿಯ ಮೇಲೆ ರಾಗ ತಾಳಗಳ ಹೆಸರಿರಬಹುದು, ಆದರೆ ಸ್ವರವಿಲ್ಲ. ಆದ್ದರಿಂದಲೇ ಒಂದೇ ಪದ ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ಒಂದು ಬಗೆ, ಎಂ. ಎಲ್. ವಸಂತಕುಮಾರಿಯವರ ಕಂಠದಲ್ಲಿ ಇನ್ನೊಂದು ಬಗೆ. ಎರಡೂ ಸೊಗಸೇ. ಆದರೆ ಆ ಮಟ್ಟುಗಳಾವುವೂ ದಾಸರವೆಂದು ಹೇಳುವಂತಿಲ್ಲ. ನಮ್ಮ ಕಾಲದ ಯಾರೋ ಕುಳಿತು ಹಾಕಿದವು. ಶಾರ್ಙ್ಗದೇವನ ಲೆಕ್ಕದಲ್ಲಿ ಅರ್ಧ ವಾಗ್ಗೇಯಕಾರರಾದ ಇವರಿಗೆ ಅಂಕಿತದ ಸೌಕರ್ಯವೂ ಇಲ್ಲ. ಉದ್ಘೋಷಕರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಕಾಲದಲ್ಲಿ ಹೆಸರನ್ನು ಕಾಯುವ ಕೆಲಸವನ್ನು ಕಾನೂನು ವಹಿಸಿಕೊಂಡಿದೆ. 1957ರ ಕೃತಿಸ್ವಾಮ್ಯದ ಶಾಸನ ಬಂದಿತು. 2012ರ ತಿದ್ದುಪಡಿಯಲ್ಲಿ ಚಿತ್ರಗೀತೆಯ ಸಾಹಿತ್ಯ ಬರೆದವರಿಗೂ ಸಂಗೀತ ಕೂಡಿಸಿದವರಿಗೂ ಗೌರವಧನದ ಪಾಲು ತಪ್ಪದಂತೆ ಕಟ್ಟುಪಾಡಾಯಿತು. ಸ್ವಂತ ಸಾಹಿತ್ಯ, ಸ್ವಂತ ಮಟ್ಟು, ಸ್ವಂತ ಕಂಠ ಎಂದು ಯಾವ ಸಂಸ್ಥೆಯ ಹಂಗೂ ಇಲ್ಲದೆ ಹಾಡುವ ತರುಣರು ಈಗ ಕನ್ನಡದಲ್ಲಿ ಕಾಣಿಸಿಕೊಂಡಿದ್ದಾರೆ. ಮಧುಕರವೃತ್ತಿಯ ನೂರು ಬಾಗಿಲುಗಳು ಅವರಿಗೆ ಬೇರೆ ರೂಪದಲ್ಲಿ ತೆರೆದಿವೆ. ಕೇಳುವವರು ಬಹುಮಂದಿ, ಒಬ್ಬೊಬ್ಬರಿಂದ ಬರುವುದು ಹಿಡಿಯಷ್ಟೇ.

ಇಷ್ಟೆಲ್ಲ ಹೇಳಿದ್ದಕ್ಕೆ ಒಂದು ಕಾರಣವಿದೆ. 78 ಸುತ್ತಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಹಾಡಬಹುದಾಗಿತ್ತು. ಐದು ಚರಣದ ಪದ ಅದರಲ್ಲಿ ಹಿಡಿಸುವುದೆಂತು? ಪಲ್ಲವಿ, ಅನುಪಲ್ಲವಿ, ಒಂದೆರಡು ಚರಣ, ಮುಗಿಯಿತು. ತಟ್ಟೆಯ ಕಾಲ ಹೋದರೂ ಆ ರೂಢಿ ಹೋಗಲಿಲ್ಲ. ಸಭೆಯಲ್ಲಿಯೂ ಶಾಲೆಯ ಸ್ಪರ್ಧೆಯಲ್ಲಿಯೂ ಮೊದಲ ಎರಡು ಚರಣ ಹಾಡಿ ಕೈಮುಗಿಯುವುದನ್ನು ನಾವು ನೋಡುತ್ತಲೇ ಇದ್ದೇವೆ. ಕತ್ತರಿ ಬೀಳುವುದು ಯಾವಾಗಲೂ ಕೊನೆಗೆ, ಹೆಸರಿರುವುದೂ ಕೊನೆಗೆ! ಪುರಂದರದಾಸರ ಪದವಾದರೆ ಬಲ್ಲವರು ಗುರುತಿಸಿಯಾರು. ಹೆಳವನಕಟ್ಟೆಯ ಗಿರಿಯಮ್ಮನ ಹಾಡಿನ ಅಂಕಿತ ಬಿಟ್ಟುಹೋದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅದು 'ಸಾಂಪ್ರದಾಯಿಕ' ಎಂಬ ಚೀಟಿ ಅಂಟಿಸಿಕೊಂಡು ನಿಲ್ಲುತ್ತದೆ. ಹಾಡುವ ಮಹನೀಯರಲ್ಲಿ, ಮಕ್ಕಳಿಗೆ ಕಲಿಸುವ ತಾಯಂದಿರಲ್ಲಿ ನನ್ನದೊಂದು ವಿನಂತಿ: ಹೊತ್ತು ಸಾಲದಿದ್ದರೆ ನಡುವಿನ ಚರಣವೊಂದನ್ನು ಬಿಡಿ, ಕೊನೆಯದನ್ನು ಹಾಡಿ ಮುಗಿಸಿ.