ಓರ್ಲಾನ್

ಫ್ರಾನ್ಸಿನ ಸ್ಯಾಂತ್ ಎತಿಯೆನ್‌ನಲ್ಲಿ 1947ರಲ್ಲಿ ಜನಿಸಿದ ಕಲಾವಿದೆ. ಸ್ವಂತ ದೇಹವನ್ನೇ ಕೃತಿಯಾಗಿಸಿ ಸೌಂದರ್ಯದ ಮಾನದಂಡಗಳನ್ನು ಪ್ರಶ್ನಿಸಿದವರು. ಓರ್ಲಾನ್ ಎಂಬುದು ಅವರೇ ಇಟ್ಟುಕೊಂಡ ಹೆಸರು.

1977ರಲ್ಲಿ ಪ್ಯಾರಿಸ್ಸಿನ ಗ್ರಾಂ ಪಲೇಯಲ್ಲಿ ನಡೆದ ಕಲಾಮೇಳದಲ್ಲಿ ‘ಕಲಾವಿದೆಯ ಮುತ್ತು’ ಪ್ರದರ್ಶಿಸಿದರು. ತಮ್ಮ ನಗ್ನ ಎದೆಯ ಚಿತ್ರದ ಹಿಂದೆ ಕೂತು, ಐದು ಫ್ರಾಂಕ್ ನಾಣ್ಯ ಹಾಕಿದವರಿಗೆ ಮುತ್ತು ಕೊಡುತ್ತಿದ್ದರು. ಪಕ್ಕದಲ್ಲೇ ಸಂತಳ ವೇಷದಲ್ಲಿ ಅವರದೇ ಚಿತ್ರ. ಅದಕ್ಕೆ ಮೇಣದಬತ್ತಿ ಹಚ್ಚಬಹುದಿತ್ತು. ಹೆಣ್ಣಿಗೆ ಸಮಾಜ ಬಿಟ್ಟುಕೊಟ್ಟ ಎರಡೇ ಪಾತ್ರಗಳು ಅಕ್ಕಪಕ್ಕ ನಿಂತಂತಾಯಿತು. ಇದು ಎಬ್ಬಿಸಿದ ಗಲಾಟೆಯಲ್ಲಿ ಅವರು ಬೋಧನೆಯ ಕೆಲಸ ಕಳೆದುಕೊಂಡರು.

ಹೆಚ್ಚು ಹೆಸರಾದದ್ದು 1990–93ರ ಒಂಬತ್ತು ಶಸ್ತ್ರಚಿಕಿತ್ಸೆಗಳ ಸರಣಿ. ಚಿಕಿತ್ಸಾ ಕೊಠಡಿಯೇ ರಂಗಸ್ಥಳ. ಹೆಸರಾಂತ ವಿನ್ಯಾಸಕರ ಉಡುಪು, ಸ್ಥಳೀಯ ಅರಿವಳಿಕೆ, ಕತ್ತಿ ಆಡುತ್ತಿರುವಾಗಲೇ ಗದ್ಯಪಠಣ. 1993ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಏಳನೆಯದು ಉಪಗ್ರಹದ ಮೂಲಕ ಹಲವು ಗ್ಯಾಲರಿಗಳಿಗೆ ನೇರ ಪ್ರಸಾರವಾಯಿತು. ಕೆನ್ನೆಗೆ ತುಂಬುವ ಸಿಲಿಕೋನನ್ನು ಹಣೆಯ ಎರಡೂ ಬದಿಗೆ ಸೇರಿಸಿಕೊಂಡದ್ದರಿಂದ ಮೂಡಿದ ಉಬ್ಬುಗಳು ಇಂದಿಗೂ ಅವರ ಗುರುತು. ಬೊತ್ತಿಚೆಲ್ಲಿಯ ವೀನಸ್‌ನ ಗಲ್ಲ, ಮೋನಾಲಿಸಾಳ ಹಣೆ ಹೊಂದಲು ಹೊರಟರೆಂಬ ಮಾತು ಪ್ರಚಲಿತ. ಅವರನ್ನು ಹೋಲುವುದು ತಮ್ಮ ಗುರಿಯಲ್ಲವೆಂದು ಓರ್ಲಾನ್ ಹೇಳಿದ್ದಾರೆ. ಶಸ್ತ್ರಚಿಕಿತ್ಸೆಯನ್ನೂ ಅವರು ವಿರೋಧಿಸಲಿಲ್ಲ. ವಿರೋಧಿಸಿದ್ದು ಎಲ್ಲ ಮುಖಗಳನ್ನೂ ಒಂದೇ ಅಚ್ಚಿಗೆ ಒತ್ತುವ ಅದರ ಬಳಕೆಯನ್ನು. ಆದರೂ ತೆಗೆದ ಮಾಂಸಖಂಡಗಳನ್ನು ಸಂತರ ಅವಶೇಷಗಳಂತೆ ಚೌಕಟ್ಟಿನಲ್ಲಿಟ್ಟು ಮಾರಿದ್ದರಿಂದ, ಮಾರುಕಟ್ಟೆಯ ಟೀಕೆಯೂ ಸರಕಾಯಿತೆಂಬ ಆಕ್ಷೇಪ ತಪ್ಪಲಿಲ್ಲ, ಅದರಲ್ಲಿ ಹುರುಳಿಲ್ಲದಿಲ್ಲ.