ಮತ ಎಂಬ ಮಾತು

‘ನನ್ನ ಮತ ಬೇರೆ’ ಎಂದರೆ ಅಭಿಪ್ರಾಯ. ‘ಅವರದು ಯಾವ ಮತ?’ ಎಂದರೆ ಧರ್ಮ ಅಥವಾ ಪಂಥ. ‘ಇಷ್ಟು ಮತಗಳ ಅಂತರ’ ಎಂದರೆ ಚುನಾವಣೆ. ಎರಡೇ ಅಕ್ಷರದ ಪದವೊಂದು ಇಷ್ಟನ್ನೂ ಹೊತ್ತುಕೊಂಡಿದೆ. ಸಂಸ್ಕೃತದ ‘ಮನ್’ ಧಾತುವಿನಿಂದ ಬಂದದ್ದು ಇದು. ಮನಸ್ಸು, ಮತಿ, ಮನನ ಇದರ ಒಡಹುಟ್ಟುಗಳು. ಮತ ಎಂದರೆ ಮೊದಲಿಗೆ ಯೋಚಿಸಿ ಕಂಡುಕೊಂಡದ್ದು, ಅಷ್ಟೇ. ಧರ್ಮದ ಅರ್ಥ, ಓಟಿನ ಅರ್ಥ ಆಮೇಲೆ ಬಂದು ಸೇರಿದವು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನ್ನನ್ನು ‘ನೃಪತುಂಗದೇವಾನುಮತ’ ಎಂದು ಹೇಳಿಕೊಳ್ಳುತ್ತದೆ. ದೊರೆ ಒಪ್ಪಿದ ಕೃತಿ ಎಂದರ್ಥ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥದಲ್ಲಿ ಈ ಪದ ಅರಸನ ಕಡೆಯಿಂದ ಬರುತ್ತದೆ. ಅವನ ಅನುಮತ ಸಿಕ್ಕರೆ ಗ್ರಂಥಕ್ಕೆ ಮನ್ನಣೆ. ಸಾವಿರ ವರ್ಷ ಕಳೆದ ಮೇಲೆ ಅದೇ ಪದ ದಿಕ್ಕು ಬದಲಿಸಿ ಪ್ರಜೆಯ ಕಡೆಗೆ ಬಂತು. ಈಗ ಆಳುವವರಿಗೆ ನಮ್ಮ ಅನುಮತ ಬೇಕು. ಪದವೊಂದರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ತಿರುವು ಇರಲಾರದು.

ಆ ತಿರುವು ಸುಲಭವಾಗಿ ಆಗಲಿಲ್ಲ. 1951–52ರ ಮೊದಲ ಮಹಾಚುನಾವಣೆಗೆ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಸುಮಾರು 17 ಕೋಟಿ ಜನರ ಪಟ್ಟಿ ಮಾಡಿಸಬೇಕಾಯಿತು. ಬಹುಪಾಲು ಜನರಿಗೆ ಓದು ಬರಹ ಬಾರದು. ಹಾಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಚೀಟಿಯನ್ನು ಬೇಕಾದ ಪೆಟ್ಟಿಗೆಯೊಳಗೆ ಹಾಕಿದರೆ ಮುಗಿಯಿತು. ಯಂತ್ರದ ಗುಂಡಿ ಒತ್ತುವ ಈ ಕಾಲದಲ್ಲೂ ನಾವು ‘ಓಟು ಹಾಕಿ ಬಂದೆ’ ಎನ್ನುತ್ತೇವಲ್ಲ, ಆ ‘ಹಾಕು’ ಚೀಟಿಯ ಕಾಲದ್ದು. ಪಟ್ಟಿ ಮಾಡಲು ಮನೆಮನೆಗೆ ಹೋದಾಗ ಎಷ್ಟೋ ಹೆಣ್ಣುಮಕ್ಕಳು ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿಸಿಕೊಂಡರು. ಸ್ವಂತ ಹೆಸರಿಲ್ಲದೆ ಓಟಿಲ್ಲ ಎಂದು ಆಯೋಗ ಪಟ್ಟು ಹಿಡಿಯಿತು. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಕಠಿಣವಾದ ನಿರ್ಧಾರವೇ, ಆದರೆ ಸರಿಯಾದದ್ದು ಎಂದು ನನಗನಿಸುತ್ತದೆ. ಯೋಚಿಸಿದವರು ಯಾರೆಂದು ತಿಳಿಯದಿದ್ದರೆ ಮತಕ್ಕೆ ಅರ್ಥವಿಲ್ಲ.

ಓಟಿನ ಸುತ್ತ ಕನ್ನಡ ಕಟ್ಟಿಕೊಂಡ ಪದಗಳಲ್ಲಿ ನನಗೆ ಬಲು ಇಷ್ಟವಾದದ್ದು ‘ಮತಗಟ್ಟೆ’. ಊರಿನ ಅರಳಿಕಟ್ಟೆ ಗೊತ್ತಿರುವವರಿಗೆ ಈ ಪದದ ಬೆಲೆ ಗೊತ್ತು. ಕಟ್ಟೆಯ ಮೇಲೆ ಕೂತವರು ಮಳೆಯಿಂದ ಹಿಡಿದು ಮಂತ್ರಿಯವರೆಗೆ ಎಲ್ಲವನ್ನೂ ಚರ್ಚಿಸುತ್ತಾರೆ. ಜಗಳ, ರಾಜಿ, ಪಂಚಾಯಿತಿ ಎಲ್ಲ ಅಲ್ಲೇ. ‘ಮತದಾನ’ ಮಾತ್ರ ನನಗೆ ಒಪ್ಪಿಗೆಯಾಗದ ಪದ. ದಾನ ಕೊಡುವುದೂ ಬಿಡುವುದೂ ಕೊಡುವವನ ಇಷ್ಟ. ಕೊಟ್ಟ ಮೇಲೆ ಲೆಕ್ಕ ಕೇಳುವುದು ದಾನಿಗೆ ಶೋಭೆಯಲ್ಲ. ಓಟಿನ ವಿಷಯದಲ್ಲಿ ಎರಡೂ ತಲೆಕೆಳಗು: ಹಾಕಲೇಬೇಕು, ಹಾಕಿದ ಮೇಲೆ ಐದು ವರ್ಷ ಲೆಕ್ಕ ಕೇಳುತ್ತಲೇ ಇರಬೇಕು. ‘ಮತ ಚಲಾವಣೆ’ ಎಂಬ ಪದ ಕೊಂಚ ಒರಟಾದರೂ ಹೆಚ್ಚು ಪ್ರಾಮಾಣಿಕ. ಹಕ್ಕನ್ನು ಚಲಾಯಿಸುತ್ತೇವೆ, ದಾನ ಮಾಡುವುದಿಲ್ಲ.

1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಇಂದಿನ ಯುವಜನ ಅಕ್ಷರಸ್ಥರು, ತಿಳಿವಳಿಕೆಯುಳ್ಳವರು, ಅವರ ಮಾತಿಗೆ ಜಾಗ ಬೇಕು ಎಂಬುದು ಅಂದು ಕೊಟ್ಟ ಕಾರಣ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದಲ್ಲಿ 18–19ರ ವಯಸ್ಸಿನ ಸುಮಾರು 1.8 ಕೋಟಿ ಮಂದಿ ಪಟ್ಟಿಯಲ್ಲಿದ್ದರು. ಆ ವಯಸ್ಸಿನ ಒಟ್ಟು ಜನಸಂಖ್ಯೆಯ ಅರ್ಧವೂ ಅಲ್ಲ ಅದು. ಅದೇ ಚುನಾವಣೆಯಲ್ಲಿ ಮಂಡ್ಯ ಶೇ 81 ದಾಟಿತು. ಬೆಂಗಳೂರು ದಕ್ಷಿಣ, ಕೇಂದ್ರ, ಉತ್ತರ ಕ್ಷೇತ್ರಗಳು ಮೂರೂ ಶೇ 55ನ್ನು ಮುಟ್ಟಲಿಲ್ಲ. ಏಪ್ರಿಲ್ 26, ಶುಕ್ರವಾರ. ಸಾಲು ರಜೆ ಸಿಕ್ಕಿತೆಂದು ಜನ ಊರು ಬಿಟ್ಟರು ಎಂಬ ಮಾತು ಕೇಳಿಬಂತು. ಬೆರಳಿನ ಶಾಯಿ ತೋರಿಸಿದವರಿಗೆ ಕೆಲವು ಹೋಟೆಲಿನವರು ಉಚಿತ ತಿಂಡಿ ಕೊಟ್ಟರು. ಅವರ ಉದ್ದೇಶ ಒಳ್ಳೆಯದೇ. ಆದರೂ ಇಪ್ಪತ್ತರ ಹುಡುಗ ಹುಡುಗಿಯರನ್ನು ಕರೆತರಲು ತಿಂಡಿ ಬೇಕು ಎಂದುಕೊಳ್ಳುವುದು ಅವರ ಯೋಚನೆಯನ್ನು ಕಡೆಗಣಿಸಿದಂತೆ.

ಯೋಚನೆ ಅವರಲ್ಲಿ ಧಾರಾಳವಾಗಿದೆ. ರಸ್ತೆಗುಂಡಿ, ಪ್ರಶ್ನೆಪತ್ರಿಕೆ ಸೋರಿಕೆ, ಬಾಡಿಗೆ, ನೇಮಕಾತಿ ವಿಳಂಬ, ಯಾವುದರ ಬಗ್ಗೆ ಕೇಳಿದರೂ ಖಚಿತವಾದ ಮತವಿದೆ. ಮೊದಲ ಅರ್ಥದ ಮತ ತುಂಬಿ ತುಳುಕುತ್ತಿರುವಾಗ ಕೊನೆಯ ಅರ್ಥದ ಮತ ಯಾಕೆ ಕಟ್ಟೆ ಮುಟ್ಟುತ್ತಿಲ್ಲ?

ಒಂದು ಕಾರಣ ಪಟ್ಟಿ. ಕಲಬುರಗಿಯ ಹುಡುಗಿ ಬೆಂಗಳೂರಿನ ಪಿಜಿಯಲ್ಲಿ ಇರುತ್ತಾಳೆ, ಹೆಸರು ಊರಲ್ಲಿ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಗುವ ಬಾಡಿಗೆ ಮನೆಗೆ ಕರಾರುಪತ್ರವೇ ಸರಿಯಾಗಿ ಸಿಗುವುದಿಲ್ಲ. ಇನ್ನೊಂದು ಕಾರಣ ನಂಬಿಕೆ ಸವೆದದ್ದು. ‘ವಿಶ್ವಾಸಮತ’ ಎಂಬ ಸುಂದರ ಪದವನ್ನು ಈ ಪೀಳಿಗೆ ಕಲಿತದ್ದು 2019ರ ಜುಲೈನಲ್ಲಿ, ರೆಸಾರ್ಟುಗಳ ಬಾಗಿಲಲ್ಲಿ ನಿಂತ ಟಿವಿ ಕ್ಯಾಮೆರಾಗಳ ಮೂಲಕ. 23ರಂದು 99–105ರಿಂದ ಸರ್ಕಾರ ಬಿತ್ತು. ಯಾವ ಪಕ್ಷ ಬಿತ್ತು, ಯಾವುದು ಎದ್ದಿತು ಎಂಬುದು ಇಲ್ಲಿ ಮುಖ್ಯವಲ್ಲ. ವರ್ಷದ ಹಿಂದೆ ಮೊದಲ ಸಲ ಓಟು ಹಾಕಿದವರು, ತಮ್ಮ ಓಟು ತಮ್ಮನ್ನು ಕೇಳದೆ ಇನ್ನೊಂದು ಕಡೆಗೆ ನಡೆದುಹೋಗುವುದನ್ನು ಕಂಡರು. ‘ಭಿನ್ನಮತ’ದ ಗತಿಯೂ ಹೀಗೇ ಆಗಿದೆ. ವಿಚಾರಭೇದವನ್ನು ಹೇಳಬೇಕಾದ ಆ ಪದ ನಮ್ಮ ಪತ್ರಿಕೆಗಳಲ್ಲಿ ಮಂತ್ರಿಸ್ಥಾನ ಸಿಗದವರ ಮುನಿಸಿಗೆ ಮೀಸಲಾಗಿಬಿಟ್ಟಿದೆ.

ಮೂರನೆಯ ಕಾರಣಕ್ಕೆ ನನಗೆ ನಿಜವಾದ ಸಿಟ್ಟಿದೆ. ಬಿಬಿಎಂಪಿಗೆ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ವಾರ್ಡುಗಳ ಮರುವಿಂಗಡಣೆ, ಮೀಸಲಾತಿ, ಹೊಸ ಕಾನೂನು, ಪಾಲಿಕೆಯನ್ನು ಐದು ಮಾಡುವುದು ಎಂದು ದಿನ ತಳ್ಳುತ್ತ 2025 ಮುಗಿದರೂ ಬೆಂಗಳೂರಿಗೆ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಸರ್ಕಾರಗಳು ಬದಲಾದವು, ಈ ಒಂದು ವಿಷಯದಲ್ಲಿ ಎಲ್ಲರೂ ಒಮ್ಮತದಿಂದ ನಡೆದುಕೊಂಡರು. 2015ರಲ್ಲಿ ಹದಿನೇಳು ತುಂಬಿದ್ದ ಹುಡುಗ 27 ದಾಟಿದರೂ ತನ್ನ ಬೀದಿಯ ಚರಂಡಿ, ದೀಪ, ಕಸಕ್ಕೆ ಸಂಬಂಧಿಸಿದ ಓಟನ್ನು ಒಮ್ಮೆಯೂ ಹಾಕಲಿಲ್ಲ. ಓಟಿಗೂ ತನ್ನ ದಿನನಿತ್ಯಕ್ಕೂ ನಂಟಿದೆ ಎಂದು ಮನುಷ್ಯ ಕಲಿಯುವುದು ಬಹುಪಾಲು ಅಲ್ಲೇ. ಆ ಪಾಠವನ್ನೇ ಮಾಡದೆ ಯುವಕರಿಗೆ ನಿರಾಸಕ್ತಿ ಎಂದು ದೂರುವ ನೈತಿಕ ಹಕ್ಕು ನಮ್ಮನ್ನು ಆಳಿದ ಯಾವ ಪಕ್ಷಕ್ಕೂ ಇಲ್ಲ.

ಇಷ್ಟು ಹೇಳಿದ ಮೇಲೂ ಮನೆಯಲ್ಲೇ ಉಳಿಯುವುದನ್ನು ಒಪ್ಪಲಾರೆ. ‘ನನ್ನೊಬ್ಬನ ಓಟಿನಿಂದ ಏನಾಗುತ್ತದೆ’ ಎನ್ನುವವರಿಗೆ ಕರ್ನಾಟಕವೇ ಉತ್ತರ ಕೊಟ್ಟಿದೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಮರುಎಣಿಕೆಯ ನಂತರ 16 ಓಟುಗಳಲ್ಲಿ ತೀರ್ಮಾನವಾಯಿತು. ಹದಿನಾರು ಎಂದರೆ ಒಂದು ಪಿಜಿಯ ಒಂದು ಮಹಡಿಯ ಜನ. ಯಾರೂ ಬೇಡ ಎನ್ನುವವರಿಗೂ 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೋಟಾ ಗುಂಡಿ ಇದೆ. ಅದರಿಂದ ಯಾರೂ ಸೋಲುವುದಿಲ್ಲ, ನಿಜ. ಆದರೆ ಅಸಮ್ಮತಿ ಲೆಕ್ಕಕ್ಕೆ ಸಿಗುತ್ತದೆ. ಮನೆಯಲ್ಲಿ ಕೂತವನ ಸಿಟ್ಟು ಯಾವ ಲೆಕ್ಕದಲ್ಲೂ ಇರುವುದಿಲ್ಲ. ಅವನ ಮೌನವನ್ನು ಗೆದ್ದವರು ಒಪ್ಪಿಗೆಯೆಂದೇ ಓದಿಕೊಳ್ಳುತ್ತಾರೆ.

ಯೋಚಿಸುವವರು ದೂರ ಉಳಿದ ಕಡೆ ಪದದ ಇನ್ನೊಂದು ಅರ್ಥ ನುಗ್ಗುತ್ತದೆ. ಮತದ ಹೆಸರಿನಲ್ಲಿ ಮತ ಕೇಳಬಾರದು ಎಂದು ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನಷ್ಟು ಬಿಗಿ ಮಾಡಿತು. ಹಾಗಿದ್ದೂ ಕೇಳುತ್ತಾರೆ, ಕೇಳಿದರೆ ಸಿಗುತ್ತದೆ ಎಂಬ ಧೈರ್ಯದಿಂದ. ಕುವೆಂಪು ‘ಮನುಜಮತ’ ಎಂದದ್ದು ಚುನಾವಣೆಯನ್ನು ಕುರಿತಲ್ಲ. ಆದರೂ ಮತಗಟ್ಟೆಗೆ ಹೋಗುವಾಗ ನೆನಪಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಪದ ಕನ್ನಡದಲ್ಲಿಲ್ಲ.

ಹದಿನೇಳು ತುಂಬಿದವರು ಈಗಲೇ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ತಾರೀಖುಗಳಲ್ಲಿ ಯಾವುದಕ್ಕೆ ಹದಿನೆಂಟು ತುಂಬುತ್ತದೋ ಅದರಂತೆ ಹೆಸರು ಸೇರುತ್ತದೆ. ಮನೆ ಬದಲಿಸಿದವರಿಗೆ ನಮೂನೆ 8. ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿಗಳು ಊರಿನಲ್ಲಾದರೂ ಸರಿ, ಹಾಸ್ಟೆಲಿನ ವಿಳಾಸದಲ್ಲಾದರೂ ಸರಿ, ಒಂದು ಕಡೆ ಹೆಸರು ಸೇರಿಸಬಹುದು. ಓಟಿನ ದಿನ ಸಂಬಳ ಕಡಿತವಿಲ್ಲದ ರಜೆ ಕೊಡುವುದು ಕಾನೂನು, ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಇದನ್ನು ಓದುತ್ತಿರುವ ತಂದೆತಾಯಂದಿರೇ, ಮೇಷ್ಟ್ರೇ, ನಿಮ್ಮ ಮನೆಯ, ನಿಮ್ಮ ತರಗತಿಯ ಮಕ್ಕಳ ಹೆಸರು ಪಟ್ಟಿಯಲ್ಲಿದೆಯೇ ಎಂದು ಈ ವಾರವೇ ಕೇಳಿ. ಇಲ್ಲದಿದ್ದರೆ ಜೊತೆಗೆ ಕೂತು ಅರ್ಜಿ ತುಂಬಿಸಿ.