ಓಡುವುದು ಕಾಲೋ, ಜೋಡೋ?

ಐವತ್ತು ದಾಟಿದ ಮೇಲೆ ಓಟದ ಗೀಳು ಹತ್ತಿಸಿಕೊಂಡವನು ನಾನು. ವಾರಕ್ಕೆ ನಾಲ್ಕು ದಿನ ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ಎರಡು ಸುತ್ತು. ವರ್ಷಕ್ಕೆ ಒಂದೆರಡು ಸಲ ಘಟ್ಟದ ಕಡೆಯ ಯಾವುದಾದರೊಂದು ಬೆಟ್ಟ, ಕುಮಾರಪರ್ವತವೋ ಕೊಡಚಾದ್ರಿಯೋ. ಇಷ್ಟಕ್ಕೆ ಬೇಕಾದ ಸಾಮಾನು ಎಷ್ಟು? ಒಂದು ಜೊತೆ ಷೂ, ಎರಡು ಬನಿಯನ್ನು, ಒಂದು ಚಡ್ಡಿ, ಒಂದು ಹೆಗಲಚೀಲ, ಮಳೆಗೊಂದು ಕೋಟು. ಎಲ್ಲವೂ ಮನೆಯಲ್ಲಿವೆ, ಎಲ್ಲವೂ ಗಟ್ಟಿಯಾಗಿಯೇ ಇವೆ. ಹೀಗಿದ್ದೂ ತಿಂಗಳಿಗೊಮ್ಮೆಯಾದರೂ ಹೊಸ ಜೋಡಿನ ಆಸೆ ನನ್ನನ್ನು ಹಿಡಿದು ಅಲ್ಲಾಡಿಸುತ್ತದೆ. ಅಂಗಡಿಯ ಗಾಜಿನ ಹಿಂದೆ ಅದು ದೀಪ ಹಾಕಿಸಿಕೊಂಡು ಕುಳಿತಿರುತ್ತದೆ. ಕೈಯೊಳಗಿನ ಫೋನಂತೂ ಹಗಲಿರುಳೆನ್ನದೆ ಅದನ್ನೇ ತೋರಿಸುತ್ತದೆ. ವಿಚಿತ್ರವೆಂದರೆ, ಚೆನ್ನಾಗಿ ಓಡಿದ ವಾರಗಳಲ್ಲಿ ಈ ಆಸೆಯ ಸುಳಿವಿಲ್ಲ. ಮಳೆಯೆಂದೋ ನೆಗಡಿಯೆಂದೋ ನೆಪ ಹೂಡಿ ಹಾಸಿಗೆಯಲ್ಲೇ ಉಳಿದ ವಾರದಲ್ಲಿ ಅದು ಹೆಡೆಯೆತ್ತುತ್ತದೆ. ಹೊಸ ಷೂ ಬಂದರೆ ಹೊಸ ಕಾಲುಗಳೂ ಬಂದಾವೆಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತಿರಬೇಕು.

ಈ ಆಸೆ ನನ್ನೊಬ್ಬನದಲ್ಲ, ಈ ಕಾಲದ್ದೂ ಅಲ್ಲ. ಫ್ರಾನ್ಸಿನ ವಿಶ್ವಕೋಶವನ್ನು ಸಂಪಾದಿಸಿದ ಮಹಾನುಭಾವ ದೆನಿ ದಿದ್ರೋ 1769ರಲ್ಲಿ ತನ್ನ ಹಳೆಯ ನಿಲುವಂಗಿಯನ್ನು ಕುರಿತು ಒಂದು ಪ್ರಬಂಧ ಬರೆದ. ಅವನಿಗೆ ಕೆಂಪು ಬಣ್ಣದ ಒಂದು ಹೊಸ ನಿಲುವಂಗಿ ಬಂದಿತ್ತು. ಅದನ್ನು ತೊಟ್ಟು ಕೋಣೆಯಲ್ಲಿ ಕುಳಿತರೆ ಹುಲ್ಲು ಹೆಣೆದ ಕುರ್ಚಿ ಕಳೆಗೆಟ್ಟಂತೆ ಕಂಡಿತು. ಅದರ ಜಾಗಕ್ಕೆ ಚರ್ಮದ ಕುರ್ಚಿ ಬಂತು. ಆಮೇಲೆ ಮೇಜು ಸರಿಹೋಗಲಿಲ್ಲ, ಗೋಡೆಯ ಚಿತ್ರಗಳು ಸರಿಹೋಗಲಿಲ್ಲ. ಹಳೆಯ ಅಂಗಿಗೆ ತಾನು ಒಡೆಯನಾಗಿದ್ದೆ, ಹೊಸ ಅಂಗಿಗೆ ಆಳಾದೆ ಎಂಬುದು ಅವನ ಕೊರಗು. ಓಟಗಾರನ ಪಾಡೂ ಇದೇ. ಷೂ ಬಂದರೆ ಅದಕ್ಕೊಪ್ಪುವ ಕಾಲುಚೀಲ, ಕಾಲುಚೀಲ ಬಂದರೆ ಕೈಗಡಿಯಾರ, ಗಡಿಯಾರ ಬಂದರೆ ಎದೆಬಡಿತ ಎಣಿಸುವ ಪಟ್ಟಿ. ಮದುವೆಯ ಮನೆಯ ಬೀಗರಂತೆ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವ ಹಾಗಿಲ್ಲ.

ಆದರೆ ದಿದ್ರೋವಿನ ಅಂಗಿಯನ್ನು ಯಾರೂ ಅವನ ಬೆನ್ನು ಹತ್ತಿ ಮಾರಲಿಲ್ಲ. ಓಟದ ಜೋಡು ಹಾಗಲ್ಲ. ಅದು ಎಲ್ಲರ ಮನೆಯ ಸರಕಾದದ್ದು ತೀರ ಇತ್ತೀಚೆಗೆ, ಬಹುಮಟ್ಟಿಗೆ ನನ್ನ ತಲೆಮಾರಿನ ಕಣ್ಣೆದುರಿಗೇ. ಆ ಕಥೆಯ ಆರಂಭದಲ್ಲೇ ಬರಿಗಾಲಿನ ಮನುಷ್ಯನೊಬ್ಬ ನಿಂತಿದ್ದಾನೆ.

1960ರ ಸೆಪ್ಟೆಂಬರ್ 10ರ ಸಂಜೆ ರೋಮ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್. ಇಥಿಯೋಪಿಯದ ಚಕ್ರವರ್ತಿಯ ಅಂಗರಕ್ಷಕ ದಳದ ಸಿಪಾಯಿ ಅಬೆಬೆ ಬಿಕಿಲಾ ಬರಿಗಾಲಿನಲ್ಲಿ ಬಂದು ನಿಂತ. ಅಲ್ಲಿ ದೊರೆತ ಷೂಗಳು ಅವನ ಪಾದಕ್ಕೆ ಹೊಂದಲಿಲ್ಲ. ಊರಿನಲ್ಲಿ ಬರಿಗಾಲಲ್ಲಿ ಅಭ್ಯಾಸ ಮಾಡಿದವನಾದ್ದರಿಂದ ಹಾಗೆಯೇ ಓಡುವುದೆಂದು ತೀರ್ಮಾನವಾಯಿತು. ಪಂಜುಗಳ ಬೆಳಕಿನಲ್ಲಿ, ಹಳೆಯ ಕಲ್ಲುಹಾಸಿನ ಆಪ್ಪಿಯನ್ ರಸ್ತೆಯ ಮೇಲೆ ಅವನು ಓಡಿದ. ದಾರಿಯಲ್ಲಿ ಅಕ್ಸುಮಿನ ಶಿಲಾಸ್ತಂಭವಿತ್ತು. ಮುಸೊಲಿನಿಯ ಸೈನ್ಯ ಇಥಿಯೋಪಿಯವನ್ನು ಗೆದ್ದಾಗ ಕಿತ್ತು ತಂದು 1937ರಲ್ಲಿ ರೋಮಿನಲ್ಲಿ ನಿಲ್ಲಿಸಿದ ಸ್ತಂಭವದು. 2005ರಲ್ಲಿ ಮಾತ್ರ ಅದು ಸ್ವದೇಶಕ್ಕೆ ಮರಳಿತು. ಅದರ ಬಳಿಯಲ್ಲೇ ಬಿಕಿಲಾ ಜೊತೆಗಾರನನ್ನು ಬಿಟ್ಟು ಮುನ್ನುಗ್ಗಿದನೆಂದು ಹೇಳುತ್ತಾರೆ. 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಕಾನ್‌ಸ್ಟಂಟೈನನ ಕಮಾನನ್ನು ಮುಟ್ಟಿದಾಗ ಅದುವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ಬೇಗ ಆ ದೂರವನ್ನು ಓಡಿರಲಿಲ್ಲ. ಮೊರಾಕ್ಕೊದ ರಾದಿ 25 ಸೆಕೆಂಡು ಹಿಂದಿದ್ದ.

ಇದನ್ನು ಓದಿದಾಗಲೆಲ್ಲ ಎದ್ದು ಷೂ ಬಿಚ್ಚಿ ಎಸೆಯೋಣ ಎನ್ನಿಸುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮರುವರ್ಷ ಬಿಕಿಲಾ ಜಪಾನಿನ ಓಟವೊಂದಕ್ಕೆ ಹೋದ. ಟೈಗರ್ ಷೂಗಳನ್ನು ತಯಾರಿಸುತ್ತಿದ್ದ ಕಿಹಾಚಿರೊ ಒನಿಟ್ಸುಕ ಅವನನ್ನು ಕಂಡು, ಒಪ್ಪಿಸಿ, ತನ್ನ ಷೂ ತೊಡಿಸಿಯೇ ಬಿಟ್ಟ. ಬರಿಗಾಲಿನಲ್ಲಿ ಜಗತ್ತನ್ನು ಗೆದ್ದವನ ಪಾದಕ್ಕಿಂತ ದೊಡ್ಡ ಜಾಹೀರಾತು ಷೂ ವ್ಯಾಪಾರಿಗೆ ಇನ್ನೆಲ್ಲಿ ಸಿಕ್ಕೀತು? 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಬಿಕಿಲಾ ಷೂ ತೊಟ್ಟೇ ಓಡಿದ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರ ಕಳೆದಿತ್ತು. 2 ಗಂಟೆ 12 ನಿಮಿಷ 11 ಸೆಕೆಂಡು, ಮತ್ತೆ ವಿಶ್ವದ ಉತ್ತಮ ವೇಳೆ, ಮತ್ತೆ ಚಿನ್ನ. ಷೂ ಇಲ್ಲದೆಯೂ ಗೆದ್ದ, ಷೂ ಇದ್ದೂ ಗೆದ್ದ. ಎರಡು ಸಲವೂ ಇದ್ದದ್ದು ಬಿಕಿಲಾ ಒಬ್ಬನೇ ಎಂಬ ಸರಳ ಸಂಗತಿಯನ್ನು ವಾಚಕರು ಗಮನಿಸಬೇಕು. ಷೂ ಮಾರುವವರು ಗಮನಿಸುವುದಿಲ್ಲ.

ಅದೇ 1964ರಲ್ಲಿ ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿ ಫಿಲ್ ನೈಟ್ ಎಂಬ ಯುವಕನೂ ಅವನ ಗುರು, ಓಟದ ತರಬೇತುದಾರ ಬಿಲ್ ಬೊವರ್‌ಮನ್ನನೂ ತಲಾ ಐನೂರು ಡಾಲರ್ ಹಾಕಿ, ಒನಿಟ್ಸುಕನ ಟೈಗರ್ ಷೂಗಳನ್ನು ತರಿಸಿ ಮಾರುವ ಒಂದು ಸಣ್ಣ ಪಾಲುದಾರಿಕೆ ಹೂಡಿದರು. ನೈಟ್ ಕಾರಿನ ಡಿಕ್ಕಿಯಲ್ಲಿ ಷೂ ತುಂಬಿಕೊಂಡು ಓಟದ ಪಂದ್ಯಗಳಿಗೆ ಹೋಗಿ ಮಾರುತ್ತಿದ್ದ. ಈ ಬೊವರ್‌ಮನ್ ಸ್ವಾರಸ್ಯದ ಮನುಷ್ಯ. 1962ರ ಕೊನೆಯಲ್ಲಿ ನ್ಯೂಜಿಲೆಂಡಿಗೆ ಹೋದಾಗ ಆರ್ಥರ್ ಲಿಡಿಯರ್ಡ್ ಎಂಬ ಗುರುವಿನ ಪ್ರೇರಣೆಯಿಂದ ಮುದುಕರೂ ಹೆಂಗಸರೂ ನಿಧಾನವಾಗಿ ಓಡುವುದನ್ನು ಕಂಡು ಬೆರಗಾಗಿ ಬಂದ. ಹೃದಯತಜ್ಞರೊಬ್ಬರ ಜೊತೆಗೂಡಿ 1967ರಲ್ಲಿ ‘ಜಾಗಿಂಗ್’ ಎಂಬ ಪುಸ್ತಕ ಪ್ರಕಟಿಸಿದ. ಅದು ಲಕ್ಷಗಟ್ಟಲೆ ಮಾರಾಟವಾಗಿ ಅಮೆರಿಕದ ಗೃಹಸ್ಥರನ್ನು ಬೀದಿಗಿಳಿಸಿತು. ಮನೆಯಲ್ಲಿ, ತೋಟದಲ್ಲಿ ತೊಡುವ ಜೋಡೇ ಹೊಸಬರಿಗೆ ಸಾಕೆಂಬುದು ಆ ಪುಸ್ತಕದ ಸಲಹೆ. ಬರೆದವನು ಷೂ ಕಂಪನಿಯ ಅರ್ಧ ಪಾಲುದಾರ! 1971ರಲ್ಲಿ ಅದೇ ಬೊವರ್‌ಮನ್, ಚೌಕಚೌಕದ ಅಚ್ಚಿರುವ ‘ವಾಫಲ್’ ತಿಂಡಿಯ ಕಾವಲಿಯಲ್ಲಿ ಹಿಟ್ಟಿನ ಬದಲು ರಬ್ಬರಿನಂಥ ದ್ರಾವಣ ಹುಯ್ದು, ಹೆಂಡತಿಯ ಕಾವಲಿಯನ್ನು ಹಾಳುಮಾಡಿ, ಹೊಸ ಬಗೆಯ ಅಟ್ಟೆ ಕಂಡುಹಿಡಿದ. ಅದೇ ವರ್ಷ ಅವರ ಷೂಗಳಿಗೆ ನೈಕಿ ಎಂಬ ಹೆಸರು ಬಂತು. ಮರುವರ್ಷ ಮ್ಯೂನಿಕ್ಕಿನಲ್ಲಿ ಅಮೆರಿಕದ ಫ್ರ್ಯಾಂಕ್ ಶಾರ್ಟರ್ ಮ್ಯಾರಥಾನ್ ಗೆದ್ದ. ಆಮೇಲೆ ಓಡುವವರ ಸಂಖ್ಯೆ ಹೆಚ್ಚಿತು. ಷೂಗಳ ಸಂಖ್ಯೆ ಅದಕ್ಕಿಂತ ಹೆಚ್ಚಿತು.

ಇಷ್ಟು ಹೇಳಿ, ಸಾಮಾನೆಲ್ಲ ಮೋಸ, ಹಳೆಯದೇ ಹೊನ್ನು ಎಂದು ಮುಗಿಸಿಬಿಡಬಹುದಿತ್ತು. ಹಾಗೆ ಹೇಳುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ನಮ್ಮದೇ ಮನೆಯ ಚರಿತ್ರೆ ಅದಕ್ಕೆ ಅಡ್ಡ ಬರುತ್ತದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡದ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಫ್ರಾನ್ಸಿನ ಎದುರು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡೂ ಸೋತದ್ದು 1–2ರಿಂದ ಮಾತ್ರ. ನಮ್ಮ ಒಂದು ಗೋಲು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಲಂಡನ್ನಿನ ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. (ಬೂಟು ಹಾಕಬೇಕೆಂದದ್ದಕ್ಕೇ ನಾವು 1950ರ ವಿಶ್ವಕಪ್ಪಿಗೆ ಹೋಗಲಿಲ್ಲವೆಂಬ ಕಥೆ ಈಗಲೂ ಓಡಾಡುತ್ತದೆ, ಚರಿತ್ರೆ ಬಲ್ಲವರು ಅದನ್ನು ಒಪ್ಪುವುದಿಲ್ಲ.) ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಬಡಿಯಿತು. ಆ ಒಂದು ಗೋಲೂ ಬೆಂಗಳೂರಿನ ಅಹಮದ್ ಖಾನರದು. ಚೆಂಡಿನೊಡನೆ ಅವರ ಕಾಲಿನ ಆಟವನ್ನು ನೋಡಿದವರು ಮರೆಯಲಿಲ್ಲ. ಆದರೆ ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. 1956ರಲ್ಲಿ ಮೆಲ್ಬರ್ನಿನಲ್ಲಿ ಬೂಟು ತೊಟ್ಟ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಬೂಟೇ ಆ ಸ್ಥಾನ ತಂದಿತೆಂದು ನಾನು ಹೇಳುವುದಿಲ್ಲ. ಬೂಟು ಬೇಡವೆಂಬ ಅಭಿಮಾನವನ್ನು ಹೆಲ್ಸಿಂಕಿಯ ಅನಂತರವೂ ಹಿಡಿದು ಕೂತಿದ್ದರೆ ಅದು ಮೂರ್ಖತನವಾಗುತ್ತಿತ್ತು, ಅಷ್ಟೆ.

ಎವರೆಸ್ಟಿನ ಕಥೆಯೂ ಇದಕ್ಕೆ ಹತ್ತಿರದ್ದೇ. 1922ರ ಬ್ರಿಟಿಷ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಉಳಿದವರು ಉಣ್ಣೆ, ಟ್ವೀಡು, ಗ್ಯಾಬರ್ಡಿನ್ ತೊಟ್ಟು ಸಭ್ಯ ಗೃಹಸ್ಥರಂತೆ ಹೊರಟಿದ್ದರೆ, ಇವನು ಬಲೂನಿನ ಬಟ್ಟೆಯೊಳಗೆ ಬಾತುಕೋಳಿಯ ಮೃದುವಾದ ಗರಿ ತುಂಬಿಸಿ ಒಂದು ಕೋಟು ಹೊಲಿಸಿಕೊಂಡಿದ್ದ. ಜೊತೆಗಾರರು ನಕ್ಕರು. ಮೇಲೆ ಗಾಳಿ ಕೊರೆಯತೊಡಗಿದಾಗ ಅದೇ ಕೋಟನ್ನು ಕಂಡು ಅವರಿಗೆ ಅಸೂಯೆಯಾಯಿತು. ಮೇ 27ರಂದು ಫಿಂಚ್, ಹಿಂದೆಂದೂ ಪರ್ವತಾರೋಹಣ ಮಾಡದಿದ್ದ ಜೆಫ್ರಿ ಬ್ರೂಸನನ್ನು ಕರೆದುಕೊಂಡು, ಆಮ್ಲಜನಕದ ನೆರವಿನಿಂದ ಸುಮಾರು 27,300 ಅಡಿಯವರೆಗೆ ಏರಿದ. ಅಲ್ಲಿಯವರೆಗೆ ಯಾವ ಮನುಷ್ಯನೂ ಅಷ್ಟೆತ್ತರ ಹತ್ತಿರಲಿಲ್ಲ. ಫಿಂಚನ ಕೋಟೂ ಹೊಸ ಸಾಮಾನೇ ಅಲ್ಲವೆ ಎಂದು ನನ್ನೊಳಗಿನ ಗಿರಾಕಿ ಕೂಡಲೇ ಕೇಳುತ್ತಾನೆ. ಹೌದು. ಆದರೆ ಫಿಂಚನಿಗೆ ಮೊದಲು ಗೊತ್ತಿದ್ದದ್ದು ಚಳಿ. ಆಲ್ಪ್ಸ್ ಪರ್ವತಗಳಲ್ಲಿ ಅದನ್ನು ಅನುಭವಿಸಿ, ಆಮೇಲೆ ಕೋಟಿನ ಯೋಚನೆ ಮಾಡಿದ. ನನಗಾದರೋ ಮೊದಲು ಕಾಣಿಸುವುದು ಕೋಟು. ಅದಕ್ಕೆ ತಕ್ಕ ಚಳಿಯನ್ನು ಆಮೇಲೆ ನಾನು ಹುಡುಕಬೇಕು, ಅದೂ ಬೆಂಗಳೂರಿನ ಸುತ್ತಮುತ್ತ.

2023ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನಲ್ಲಿ ಬಿಕಿಲಾನ ನಾಡಿನವಳೇ ಆದ ತಿಗಿಸ್ತ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಮ್ಯಾರಥಾನ್ ಓಡಿ ಮಹಿಳೆಯರ ಅಂದಿನ ವಿಶ್ವದಾಖಲೆ ಮಾಡಿದಳು. ರೋಮಿನ ಬಿಕಿಲಾನಿಗಿಂತ ಮೂರು ನಿಮಿಷಕ್ಕೂ ಹೆಚ್ಚು ಬೇಗ! ಅವಳ ಕಾಲಿನಲ್ಲಿದ್ದ ಅಡಿಡಾಸ್ ಷೂ ಒಂದರ ತೂಕ 138 ಗ್ರಾಂ, ಜೊತೆಯ ಬೆಲೆ ಐನೂರು ಡಾಲರ್. ನೈಟನೂ ಬೊವರ್‌ಮನ್ನನೂ ಒಬ್ಬೊಬ್ಬರು ಹಾಕಿದ ಬಂಡವಾಳದಷ್ಟೇ ಮೊತ್ತ, ಕಾಲ ಬೇರೆಯಾದರೂ. ಒಂದು ಮ್ಯಾರಥಾನ್, ಅದಕ್ಕೆ ಮುಂಚೆ ಒಂದಿಷ್ಟು ರೂಢಿ, ಅಷ್ಟಕ್ಕೇ ಆ ಷೂ ಎಂದು ತಯಾರಕರೇ ಹೇಳಿದ್ದರು. ಗೆದ್ದ ಮೇಲೆ ಆಕೆ ಷೂ ಬಿಚ್ಚಿ ಎತ್ತಿ ಹಿಡಿದು ಮುತ್ತಿಟ್ಟಳು. ಅವಳಿಗೆ ಅದು ಕಸುಬಿನ ಆಯುಧ, ಸೆಕೆಂಡಿಗೆ ಅನ್ನವುಂಟು. ಕೆರೆಯ ಏರಿಯ ಮೇಲೆ ಏದುಸಿರು ಬಿಡುವ ನನಗೆ ಸೆಕೆಂಡಿಗೆ ಏನೂ ಇಲ್ಲ. ಆದರೆ ಆ ಚಿತ್ರವನ್ನು ಅಂಗಡಿಯವರು ತೋರಿಸುವುದು ನನಗೇ, ಏಕೆಂದರೆ ತಿಗಿಸ್ತ್ ಅಸೆಫಾರು ಲೋಕದಲ್ಲಿ ಕೆಲವರೇ, ನನ್ನಂಥವರು ಕೋಟ್ಯಂತರ.

ಆಸೆ ಜೋರಾದ ದಿನ ನಾನು ನೆನೆದುಕೊಳ್ಳುವುದು ಬಿಕಿಲಾನನ್ನಲ್ಲ, ಒಬ್ಬ ಅಜ್ಜಿಯನ್ನು. ಎಮ್ಮಾ ಗೇಟ್‌ವುಡ್ ಅಮೆರಿಕದ ಒಹಾಯೊದವಳು, 1887ರಲ್ಲಿ ಹುಟ್ಟಿದವಳು, ಹನ್ನೊಂದು ಮಕ್ಕಳ ತಾಯಿ. ಗಂಡ ಹೊಡೆಯುತ್ತಿದ್ದ, ಆ ವರ್ಷಗಳಲ್ಲಿ ಕಾಡಿಗೆ ಹೋಗಿ ಮನಸ್ಸು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಕೊನೆಗೆ ವಿವಾಹ ವಿಚ್ಛೇದನವಾಯಿತು, ಮಕ್ಕಳು ದೊಡ್ಡವರಾದರು. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಹಳೆಯ ಸಂಚಿಕೆಯೊಂದರಲ್ಲಿ ಅಪಲೇಚಿಯನ್ ಕಾಲುದಾರಿಯ ಲೇಖನ ಅವಳ ಕಣ್ಣಿಗೆ ಬಿತ್ತು. ಓದಿದರೆ ಸುಗಮವಾದ ದಾರಿಯೆಂದೇ ತೋರುವಂತಿತ್ತು. ಹಾಗೆ ಬರೆದವರನ್ನು ಆಕೆ ಆಮೇಲೆ ಆಕ್ಷೇಪಿಸಿದ್ದುಂಟು. 1954ರಲ್ಲಿ ಉತ್ತರದ ತುದಿಯಿಂದ ಹೊರಟು ದಾರಿ ತಪ್ಪಿದಳು, ಕನ್ನಡಕ ಒಡೆಯಿತು. ಅರಣ್ಯದವರು ಮನೆಗೆ ಹೋಗೆಂದರು.

ಮರುವರ್ಷ ಮೇ ತಿಂಗಳಲ್ಲಿ ಮಕ್ಕಳಿಗೆ ಸುಮ್ಮನೆ ನಡೆಯಲು ಹೋಗುತ್ತೇನೆಂದಷ್ಟೇ ಹೇಳಿ ಜಾರ್ಜಿಯಾದ ಓಗ್ಲ್‌ಥೋರ್ಪ್ ಬೆಟ್ಟದಿಂದ ಹೊರಟಳು. ವಯಸ್ಸು 67. ಗುಡಾರವಿಲ್ಲ, ಮಲಗುವ ಚೀಲವಿಲ್ಲ. ದಪ್ಪ ಬಟ್ಟೆಯಲ್ಲಿ ತಾನೇ ಹೊಲಿದ ಒಂದು ಕೈಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಒಳಗೆ ಸೈನ್ಯದ ಒಂದು ಕಂಬಳಿ, ಒಂದು ಮಳೆಯಂಗಿ, ಬಚ್ಚಲಮನೆಗೆ ಕಟ್ಟುವ ಪ್ಲಾಸ್ಟಿಕ್ ಪರದೆ. ತಿನ್ನಲು ದ್ರಾಕ್ಷಿ, ಕಡಲೆಕಾಯಿ, ಡಬ್ಬಿಯ ಮಾಂಸ, ದಾರಿಬದಿಯ ಸೊಪ್ಪು. ಕಾಲಿಗೆ ಕೆಡ್ಸ್ ಕ್ಯಾನ್ವಾಸ್ ಷೂ, ನಮ್ಮ ಶಾಲೆಯ ಡ್ರಿಲ್ ತರಗತಿಯ ಷೂಗಳ ಜಾತಿಯದು. ಪಾದ ಊದಿಕೊಂಡಿತು, ಬಿರುಗಾಳಿಯ ಮಳೆ ಹಿಡಿಯಿತು. 146 ದಿನಗಳಲ್ಲಿ 2,050 ಮೈಲಿ ನಡೆದು, ಸೆಪ್ಟೆಂಬರ್ 25ರಂದು ಮೇನ್ ಸಂಸ್ಥಾನದ ಕತಾದಿನ್ ಶಿಖರದ ಮೇಲೆ ನಿಂತಳು. ಆ ದಾರಿಯನ್ನು ಒಂದೇ ಋತುವಿನಲ್ಲಿ ಒಂಟಿಯಾಗಿ ನಡೆದು ಮುಗಿಸಿದ ಮೊದಲ ಹೆಂಗಸು ಆಕೆ. ಹಾಗೆಂದು ಒಂದೇ ಜೊತೆ ಷೂ ಕೊನೆಯವರೆಗೂ ಬಂತೆಂದು ತಿಳಿಯಬಾರದು. ಆ ನಡಿಗೆಯಲ್ಲಿ ಆರೇಳು ಜೊತೆ ಸವೆದವು. ಒಂದು ಕಿತ್ತುಹೋದಾಗ ಇನ್ನೊಂದು ತೊಟ್ಟಳು. 1957ರಲ್ಲಿ ಅದೇ ದಾರಿಯನ್ನು ಮತ್ತೊಮ್ಮೆ ನಡೆದಳು. 1959ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮಿಸ್ಸೂರಿಯಿಂದ ಆರೆಗಾನಿನ ಪೋರ್ಟ್‌ಲೆಂಡಿನವರೆಗೆ, ಸುಮಾರು ಎರಡು ಸಾವಿರ ಮೈಲಿ. ಆಕೆ ಆ ಸಂಸ್ಥಾನವನ್ನು ತಲಪಿದಾಗ, ನೈಟನ ಕಾರಿನ ಡಿಕ್ಕಿಗೆ ಮೊದಲ ಟೈಗರ್ ಷೂ ಬಂದು ಬೀಳಲು ಇನ್ನೂ ಕೆಲವು ವರ್ಷಗಳಿದ್ದವು.